ಗೋಡೆಯ ಮೇಲೆ ಉದ್ಯಮಿ, ಕೌಂಟರಿನಲ್ಲಿ ಅನರ್ಹೆ

ಉದ್ಯಮ ಪ್ರೋತ್ಸಾಹ ಕಚೇರಿಯ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಮೊದಲು ಕಾಣುವುದು ನನ್ನ ಮುಖ. ಬಿಳಿ ಏಪ್ರನ್ ತೊಟ್ಟು, ಬ್ರೆಡ್ಡಿನ ತಟ್ಟೆ ಹಿಡಿದು ಹಲ್ಲು ಕಿರಿಯುತ್ತಾ ನಿಂತಿದ್ದೇನೆ. ಕೆಳಗೆ ‘ನಮ್ಮ ನೆರವಿನಿಂದ ಬೆಳೆದ ಉದ್ಯಮಿ’ ಎಂಬ ದಪ್ಪಕ್ಷರದ ಬರಹ. ಮಾನ್ಯರೇ, ನಾನು ಬೆಳೆದದ್ದು ನಿಮ್ಮ ಫ್ಲೆಕ್ಸಿನಲ್ಲಿ ಮಾತ್ರ. ನಿಮ್ಮ ನೆರವು ಇಂದಿಗೂ ನನ್ನ ಕೈ ಸೇರಿಲ್ಲ.

ಆ ಫೋಟೋ ತೆಗೆದದ್ದು ನಿಮ್ಮದೇ ತರಬೇತಿಯ ಕೊನೆಯ ದಿನ. ಓವನ್ ತರಬೇತಿ ಕೇಂದ್ರದ್ದು, ಏಪ್ರನ್ ಮೇಷ್ಟರದ್ದು, ಬ್ರೆಡ್ ಮಾತ್ರ ನನ್ನದು. ಬಂದ ಅತಿಥಿಗಳು ಒಂದು ಚೂರನ್ನೂ ಉಳಿಸಲಿಲ್ಲ. ತರಬೇತಿ ಮುಗಿಸಿದವರಿಗೆ ನೀವು ಕೊಡುವ ಓವನ್ನಿಗೆ ಮರುವಾರವೇ ಅರ್ಜಿ ಹಾಕಿದೆ. ನಿಮ್ಮ ಗುಮಾಸ್ತರು ನನ್ನ ಮುಖ ನೋಡಿದರು, ಗೋಡೆ ನೋಡಿದರು.

“ನಿಮಗೆ ಆಗ್ಲೇ ಕೊಟ್ಟಾಗಿದೆಯಲ್ಲಮ್ಮ! ಒಬ್ರಿಗೆ ಎರಡು ಸಲ ಕೊಡೋಕಾಗಲ್ಲ.”

“ಸಾರ್, ಒಂದು ಸಲಾನೂ ಕೊಟ್ಟಿಲ್ಲ.”

“ಹಾಗಾದ್ರೆ ಫೋಟೋ ಸುಳ್ಳು ಹೇಳ್ತಿದೆಯಾ?”

ಹೌದು ಸ್ವಾಮಿ, ಹೇಳುತ್ತಿದೆ. ಇಷ್ಟನ್ನು ತಿಳಿಸಲು ಹನ್ನೊಂದು ಸಲ ಬಂದೆ. ಓವನ್ ಪಡೆದಿಲ್ಲ ಎನ್ನುವುದಕ್ಕೆ ಪುರಾವೆ ತರಬೇಕಂತೆ. ಇಲ್ಲದ ಓವನ್ನಿನ ರಸೀದಿ ಯಾವ ಅಂಗಡಿಯಲ್ಲಿ ಸಿಗುತ್ತದೆ, ನೀವೇ ಹೇಳಿ. ನಮ್ಮದು ತಲೆತಲಾಂತರದಿಂದ ಊರಿನ ಕಸ ಗುಡಿಸಿದ ಮನೆತನ. ನಾವು ಮುಟ್ಟಿದ್ದನ್ನು ತಿನ್ನಲು ಹಿಂದೆಮುಂದೆ ನೋಡುತ್ತಿದ್ದ ಬೀದಿಯಲ್ಲೇ ನನ್ನ ಹೆಸರಿನ ಬೋರ್ಡು ಹಾಕಿ ಬ್ರೆಡ್ ಮಾರಬೇಕೆಂಬುದು ನನ್ನ ಹಟ. “ಬೋರ್ಡಿಗೆ ಬೇರೆ ಯಾರದ್ದಾದ್ರೂ ಹೆಸರು ಹಾಕಮ್ಮ, ವ್ಯಾಪಾರ ಚೆನ್ನಾಗಾಗುತ್ತೆ” ಎಂದು ನಿಮ್ಮ ಸಲಹೆಗಾರರು ಪುಕ್ಕಟೆ ಬುದ್ಧಿ ಹೇಳಿದರು. ಫೋಟೋಗೆ ಬೇಕಾದ ನಾನು ಬೋರ್ಡಿಗೆ ಬೇಡವಾದೆನೇ? ಆ ಬೀದಿಯಲ್ಲಿ ನಾನು ಬಾಡಿಗೆಗೆ ನೋಡಿಟ್ಟ ಮಳಿಗೆಯ ಯಜಮಾನರು ಈ ತಿಂಗಳ ಕೊನೆಯವರೆಗೆ ಮಾತ್ರ ನನಗಾಗಿ ಕಾಯುತ್ತಾರೆ. ಆಮೇಲೆ ಅದು ಬೇರೆಯವರ ಪಾಲು.

ನಿಮಗೆ ಗೊತ್ತಿರಲಿಕ್ಕಿಲ್ಲ, ನಿಮ್ಮ ಕಚೇರಿ ಗುಡಿಸುವಾಕೆ ನನ್ನ ತಾಯಿ. ಮುಂದಿನ ತಿಂಗಳು ನಿವೃತ್ತಿ. ಮೊನ್ನೆ ನಿಮ್ಮ ಮೇಲ್ವಿಚಾರಕರು ಕರೆದು, “ನಿನ್ನ ಜಾಗಕ್ಕೆ ಮಗಳನ್ನೇ ತಗೋತೀವಿ, ಕಳಿಸು” ಎಂದರಂತೆ. ಓವನ್ನಿಗೆ ಹನ್ನೊಂದು ಸಲ ಅಲೆದಾಡಿಸಿದ ಕಚೇರಿಗೆ, ಪೊರಕೆ ಕೊಡಲು ಒಂದು ಅರ್ಜಿಯೂ ಬೇಕಾಗಲಿಲ್ಲ! ಮೈಯೆಲ್ಲ ಉರಿದುಹೋಯಿತು. ಅಮ್ಮ ಮಾತ್ರ ಕೂತು ಅತ್ತಳು.

“ನೀನು ಹೋಗ್ಬೇಡ ಕಣೇ. ನಿನ್ನ ಫೋಟೋ ಕೆಳಗೆ ನೀನೇ ಗುಡಿಸೋದನ್ನ ನನ್ನ ಕೈಲಿ ನೋಡೋಕಾಗಲ್ಲ.”

ತಿಂಗಳು ಮುಗಿಯುವುದರೊಳಗೆ ಓವನ್ ಮಂಜೂರು ಮಾಡಿ. ಆಗದಿದ್ದರೆ ‘ಈಕೆಗೆ ನಾವು ಏನನ್ನೂ ಕೊಟ್ಟಿಲ್ಲ’ ಎಂದು ಅಷ್ಟೇ ದಪ್ಪಕ್ಷರದಲ್ಲಿ ಬರೆಸಿ, ಆ ಫೋಟೋದ ಕೆಳಗೆ ಅಂಟಿಸಿ. ಅಮ್ಮನಿಗೆ ಓದಲು ಬರುವುದಿಲ್ಲ. ಅವಳು ಕೆಲಸ ಬಿಡುವ ಮುನ್ನ ಅದನ್ನು ನೀವೇ ಅವಳಿಗೆ ಓದಿ ಹೇಳಿ.

ಇಂತಿ,
ಪೊರಕೆಗೆ ಮಾತ್ರ ಅರ್ಹಳೆನಿಸಿಕೊಂಡ
ನಿಮ್ಮ ಯಶಸ್ವಿ ಉದ್ಯಮಿ