ಏಳು ಸೆಕೆಂಡಿನ ಇಂಜಿನ್

ಭಾನುವಾರ, ಮಾರ್ಚ್ 9

ನನ್ನ ಬಂಗಾರದಂಥ ಮಗಳಿಗೆ,

ನೀನು, ಅಳಿಯಂದಿರು, ಕೂಸು ಮೂವರೂ ನಗುನಗುತ್ತಾ ಇದ್ದೀರಿ ಎಂದುಕೊಂಡೇ ಪೆನ್ನು ಹಿಡಿದಿದ್ದೇನೆ. ಉತ್ತರ ತಡವಾಯಿತು, ಮುಖ ಊದಿಸಿಕೊಳ್ಳಬೇಡ. ಇಂಜಿನ್ ಕೂಡಿಸುವಾಗ ನನಗೆ ಊಟದ ನೆನಪೇ ಇರುವುದಿಲ್ಲ, ಇನ್ನು ಕಾಗದ ಎಲ್ಲಿಂದ ಬರೆಯಲಿ?

ಮೊದಲು ಸುದ್ದಿ ಕೇಳು. ಕಾರು ರೇಸಿನಲ್ಲಿ ನಿನ್ನಮ್ಮನ ಇಂಜಿನ್ ಗೆದ್ದಿತು! ಕಾಲು ಮೈಲಿಯ ನೇರ ಟ್ರ್ಯಾಕಿನ ಕೊನೆ ಮುಟ್ಟಲು ಏಳು ಸೆಕೆಂಡೂ ಬೇಕಾಗಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಬೇಡ, ಬೋರ್ಡಿನ ಮೇಲೆ ಎಲ್ಲರೂ ನೋಡಿದ್ದಾರೆ.

ಈ ಕಾರಿಗೆ ಕಟ್ಟಿದ್ದರಲ್ಲಿ ಇದು ಮೂರನೆಯದು. ಮೊದಲನೆಯದರ ಪಿಸ್ಟನ್ ಕರಗಿತು. ಎರಡನೆಯದರ ರಾಡ್ ಬ್ಲಾಕನ್ನೇ ಸೀಳಿಕೊಂಡು ಹೊರಗೆ ಬಂತು. ಇದೂ ಒಡೆದರೆ ಇನ್ನು ಸ್ಪ್ಯಾನರ್ ಮುಟ್ಟುವುದಿಲ್ಲ ಎಂದು ಎಲ್ಲರೆದುರು ಹೇಳಿಬಿಟ್ಟಿದ್ದೆ. ನನ್ನ ಬಾಯಿ ಗೊತ್ತಲ್ಲ ನಿನಗೆ.

ಇಂಥ ಇಂಜಿನ್‌ಗೆ ನಿಜವಾಗಿ ಎಷ್ಟು ಖರ್ಚು ಬೀಳುತ್ತದೆ ಎಂದು ಅಳಿಯಂದಿರು ಕೇಳಿದ್ದರಲ್ಲ? ಏನಂತ ಹೇಳಲಿ! ಒಂದೊಂದು ಓಟ ಮುಗಿದ ಮೇಲೂ ಅದನ್ನು ಪೂರ್ತಿ ಬಿಚ್ಚಿ, ಬೇರಿಂಗ್ ನೋಡಿ, ಸವೆದದ್ದನ್ನು ಎಸೆದು, ಮತ್ತೆ ಕೂಡಿಸಬೇಕು. "ಎರಡು ಸಾವಿರ ಕುದುರೆಶಕ್ತಿ ಅಂತೀಯ. ನಿಜವಾದ ಕುದುರೆಗಳನ್ನೇ ಸಾಕಿದ್ರೂ ಇಷ್ಟು ತಿಂತಿರ್ಲಿಲ್ಲ ಕಣೇ" ಅನ್ನುತ್ತಾರೆ ನಿಮ್ಮಪ್ಪ. ಅಂದರೂ ಟೈರು ಉಜ್ಜುವವರು ಅವರೇ.

ಹೊಸ ಇಂಜಿನ್ ಮೊದಲ ಸಲ ಸ್ಟಾರ್ಟ್ ಮಾಡುವಾಗ ನಾನು ಕಿವಿಯ ಮುಚ್ಚಳ ತೆಗೆದಿಡುತ್ತೇನೆ. ಇಷ್ಟು ವರ್ಷವೂ ಹಾಗೆಯೇ. "ಅಕ್ಕಾ, ಮುಚ್ಕೊಳ್ಳಿ, ಸ್ಕ್ರೀನ್ ಮೇಲೆ ಎಲ್ಲಾ ಬರುತ್ತೆ!" ಎಂದು ಕಂಪ್ಯೂಟರ್ ನೋಡಿಕೊಳ್ಳುವವನು ಪ್ರತಿಸಲ ಬೈಯುತ್ತಾನೆ. ಸ್ಕ್ರೀನಿಗೆ ಬರುವಷ್ಟರಲ್ಲಿ ಪಿಸ್ಟನ್ ಕರಗಿರುತ್ತದೆ. ಒಳಗೆ ಎಲ್ಲೋ ಸಣ್ಣಗೆ ಟಿಣ್ ಎಂದರೆ ಸಾಕು, ಆರಿಸಿಬಿಡಬೇಕು. ಮುಚ್ಚಿಕೊಂಡರೆ ಅದರ ಕಷ್ಟಸುಖ ಕೇಳುವವರು ಯಾರು? ಈ ಸಲ ಅಂಗೈಯನ್ನೂ ಕಾರಿನ ಚಾಸಿಗೆ ಒತ್ತಿ ಹಿಡಿದಿದ್ದೆ. ಇಂಜಿನ್ನಿನ ನಡುಕ ಒಂದೇ ಸಮ ಇತ್ತು.

ಕಾರು ಓಡಿಸಿದವಳು ನಮ್ಮ ದರ್ಜಿಯ ಮಗಳು, ಎಲ್ಲರೂ ಗುಂಡುಸೂಜಿ ಎಂದು ಕರೆಯುವವಳು. ಹೆಸರಿಗೆ ತಕ್ಕ ಮೈಕಟ್ಟು, ಎದೆ ಮಾತ್ರ ಕಬ್ಬಿಣ. ಹಸಿರು ದೀಪ ಹತ್ತಿದಾಗ ನನ್ನ ಪಕ್ಕೆಲುಬುಗಳೆಲ್ಲ ಅದುರಿದವು. ಎಲ್ಲಿ ಹೊಗೆ ಏಳುತ್ತದೋ ಎಂದು ಕಣ್ಣು ಮಿಟುಕಿಸದೆ ನೋಡಿದೆ. ಏಳಲಿಲ್ಲ. ಅವಳು ವಾಪಸು ಬಂದು, ಹೆಲ್ಮೆಟ್ ಕಿತ್ತೆಸೆದು, ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕಿರುಚಿದಳು: "ಅಕ್ಕಾ, ಒಂದು ಬೋಲ್ಟೂ ಅಲ್ಲಾಡ್ಲಿಲ್ಲ!" ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೆಂಗಸು ಕಟ್ಟಿದ ಇಂಜಿನ್ ಎಂದು ಹಲ್ಲು ಕಿರಿಯುತ್ತಿದ್ದ ಪಕ್ಕದ ತಂಡದ ಮೇಸ್ತ್ರಿಯೂ ಬಂದು ಇಣುಕಿ ನೋಡಿ, ತಲೆ ಆಡಿಸಿ ಹೋದ. ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಹೆಮ್ಮೆ ಪಡುತ್ತೇನೆ ಮಗಳೇ, ಯಾಕೆ ಪಡಬಾರದು?

ನಿನ್ನ ಸಂಸಾರ ತಣ್ಣಗಿರಲಿ. ಕೂಸು ನನ್ನಷ್ಟೇ ಹಟಮಾರಿಯಾಗಿ ಬೆಳೆಯಲಿ. ಗ್ರೀಸು ತೊಳೆದ ಕೈಯಲ್ಲೇ ಅದರ ತಲೆ ಸವರಿದ್ದೇನೆ ಎಂದುಕೋ.

ಇಂತು ನಿನ್ನ
ಅಮ್ಮ

ತಾ.ಕ.: ಕೂಸು ಮೊದಲ ಸಲ ಮಾತಾಡಿದ್ದನ್ನು ಫೋನಿಗೆ ಕಳಿಸಿದ್ದೆಯಲ್ಲ, ನಿಮ್ಮಪ್ಪ ಮತ್ತೆ ಮತ್ತೆ ಹಾಕಿ ಕೇಳಿ ಕಣ್ಣೊರೆಸಿಕೊಂಡರು. ಅವರನ್ನು ನೋಡಿ ನಾನೂ ಒರೆಸಿಕೊಂಡೆ. ಆದರೆ ನನಗೆ ಏನೂ ಕೇಳಿಸಲಿಲ್ಲ, ಮಗಳೇ. ಎದುರಿಗೆ ನಿಂತು ಆಡುವ ದಪ್ಪ ದನಿ ಇನ್ನೂ ಅಷ್ಟಿಷ್ಟು ಸಿಗುತ್ತದೆ. ಸಣ್ಣ ದನಿಗಳೆಲ್ಲ ಹೋಗಿವೆ, ಹೋದದ್ದು ಬರುವುದಿಲ್ಲ ಎಂದರು ಕಿವಿ ಡಾಕ್ಟರು. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ, ಅದಕ್ಕೇ ಅವರನ್ನು ಕೇಳಲಾರೆ. ಕೂಸು ಏನಂದಿತು ಎಂದು ಒಂದು ಸಾಲು ಬರೆದು ಕಳಿಸು.