ಬಸಲಿಂಗಪ್ಪನವರ ಒಮೆಗಾ

೭ ನವೆಂಬರ್ ೧೯೭೪, ಗುರುವಾರ. ಬೈಲಹೊಂಗಲ.

ಒಲ್ಲೆ ಅನ್ನೂ ಒಂದು ಮಾತು ಇವತ್ತು ನನ್ನ ಬಾಯಿಂದ ಬರಲಿಲ್ಲ.

ಚಚಡಿಯ ಬಸಲಿಂಗಪ್ಪನವರು ಮಗಳು ಚನ್ನವ್ವನ ಲಗ್ನ ನನ್ನ ಜೋಡಿ ಮಾಡೂ ಮಾತಿಗೆ ಸಾಲಿಗೇ ಬಂದಿದ್ರು. ಹೋದ ವಾರ ಚನ್ನವ್ವ ಬಸ್‌ ಸ್ಟ್ಯಾಂಡಿನ್ಯಾಗ ನನ್ನ ಕೇಳಿಕೊಂಡಿದ್ಲು: "ಮಾಸ್ತರ, ನೀವ ಒಲ್ಲೆ ಅನ್ರಿ. ನಾ ಅಂದ್ರ ಅಪ್ಪ ಕಾಲೇಜು ಬಿಡಸ್ತಾರ." ಹೇಳತೇನಿ ಅಂತ ಮಾತು ಕೊಟ್ಟಿದ್ದೆ. ನನಗೂ ಅವರ ವಾಡೇದಾಗ ಮನಿ ಅಳಿಯ ಆಗಿ ಇರೂದು ಬ್ಯಾಡಾಗಿತ್ತು.

ಬಾಯಿ ತೆಗಿಯೂದ್ರಾಗ ಅವರು ತಮ್ಮ ಕೈಯಾಗಿನ ಒಮೆಗಾ ವಾಚು ಬಿಚ್ಚಿದ್ರು. ೧೯೩೮ರಾಗ ಮುಂಬಯಿದಾಗ ತಗೊಂಡದ್ದಂತ. ಬಂಗಾರದ ಕೇಸು, ಕೆನಿ ಬಣ್ಣಕ್ಕ ತಿರುಗಿದ ಮುಖ, ಕೂದಲೆಳಿಯಷ್ಟು ಸಣ್ಣ ಮುಳ್ಳು. "ಕೈ ಕೊಡ್ರಿ ಮಾಸ್ತರ" ಅಂದ್ರು. ಕೊಟ್ಟೆ. ಅವರ ಮೈಯ ಬಿಸುಪು ಇನ್ನೂ ಅದರಾಗಿತ್ತು. ಕಿವಿಗೆ ಹಿಡಿದೆ. ಅಷ್ಟು ಮೆತ್ತಗಿನ ಸಪ್ಪಳ ನಾ ಎಂದೂ ಕೇಳಿರಲಿಲ್ಲ. ತಲಿ ಎತ್ತೂದ್ರಾಗ ಅವರು ಎದ್ದು ನಿಂತಿದ್ರು. "ಸೋಮವಾರ ನಿಶ್ಚೆ ಮಾಡೂಣು" ಅಂದ್ರು. ನಾ "ಹೂಂನ್ರಿ" ಅಂದೆ.

ಮನಿಗೆ ಬಂದ ಮ್ಯಾಲ ಅವ್ವ ನನ್ನ ಮಣಿಕಟ್ಟು ನೋಡಿದ್ಲು, ಹೋಗಿ ಬಾಜೂ ಮನಿ ತಂಗೆವ್ವಗ ಸಕ್ಕರಿ ಕೊಟ್ಟು ಬಂದ್ಲು. ಇನ್ನ ಓಣಿಗೆಲ್ಲಾ ಗೊತ್ತಾಗಿರತೈತಿ.

ವಾಚು ಬಿಚ್ಚಿ ಮೇಜಿನ ಮ್ಯಾಲ ಇಟ್ಟಿದ್ದೆ. ಇಷ್ಟು ಬರಿಯೂದ್ರಾಗ ಮತ್ತ ಕಟ್ಟಿಕೊಂಡೇನಿ.

ಶನಿವಾರ ಚನ್ನವ್ವ ಧಾರವಾಡದಿಂದ ಬರತಾಳ. ಬಸ್ಸಿನ ಹತ್ರ ಹೋಗಿ ನಾನ ಆಕಿಗೆ ಎಲ್ಲಾ ಹೇಳಬೇಕು. ಹೋಗೂಮುಂದ ವಾಚು ಮನಿಯಾಗ ಬಿಟ್ಟು ಹೋಗಬೇಕು ಅಂತ ವಿಚಾರ ಮಾಡೇನಿ. ತಿರುಗಿ ಕೊಡಬೇಕು ಅಂತಲ್ಲ. ಆಕಿ ನೋಡಬಾರದು ಅಂತ.