ಶರಣಮ್ಮನ ಹಂಚು

೮-೬-೨೦೦೪, ಮಂಗಳವಾರ. ಮುಂಜಾನೆ ಏಳು

ಇವತ್ತೂ ನಾಕನೇ ರೊಟ್ಟಿಗೇ ಕೆಳಗಿನ ಓನರ್ ಚೂಡಾಮಣಿ ಮೆಟ್ಟಿಲು ಹತ್ತಿ ಬಂದಳು. ನೈಟಿ ಮ್ಯಾಲೆ ಟವೆಲ್.

"ಅಜ್ಜೀ, ದಿನಾ ಬೆಳಿಗ್ಗೆ ಅದೇನು ಕುಟ್ತೀರಿ? ನಮ್ಮ ಸೀಲಿಂಗ್ ಅದರುತ್ತೆ. ನಮ್ಮೆಜಮಾನ್ರಿಗೆ ಬಿ.ಪಿ. ಇದೆ."

ಕುಟ್ಟೂದಲ್ಲಬೇ, ಬಡಿಯೂದು ಅಂದೆ.

"ಏನೋ ಒಂದು. ಚಪಾತಿ ಥರ ಲಟ್ಟಿಸಿಬಿಡಿ. ಸೌಂಡ್ ಬರಲ್ಲ."

ಲಟ್ಟಿಸಬೇಕಂತ. ಜೋಳದ ರೊಟ್ಟಿ. ಇಕಿ ತಲೀ ಲಟ್ಟಿಸಿದ್ರ ಸೌಂಡ್ ಬರತೈತೋ ಇಲ್ಲೋ ನೋಡಬೇಕು.

ಮಗ ಚನ್ನವೀರ ಬಾಗಿಲ ಹಿಂದ ನಿಂತು ಎಲ್ಲಾ ಕೇಳಿದ. ಹೊರಗ ಬರಲಿಲ್ಲ. ಆಕಿ ಇಳದು ಹೋದ ಮ್ಯಾಲೆ ಬಂದು — "ಅವ್ವಾ, ಬಾಡಗಿ ಮನಿ..." ಅಷ್ಟ. ಮೀಸಿ ಯಾಕ ಬಿಟ್ಟಾನೋ.

ಸೊಸಿ ಜಯಾ ನನ್ನ ರೊಟ್ಟಿ ಹಂಚು ತೊಳದಳು. ಸೋಪ್ ಹಚ್ಚಿ! ನಮ್ಮತ್ತಿ ಕೈಯಿಂದ ಬಂದ ಕಬ್ಬಿಣ. ನಲವತ್ತು ವರ್ಷ ಬೆಂಕಿ ಕುಡದು ಹದ ಆಗಿತ್ತು. ಒಂದು ನಿಂಬಿಹಣ್ಣಿನ ಸೋಪಿಗೆ ಮುಗೀತು. ಈಗ ಅಟ್ಟದ ಮ್ಯಾಲೆ ಕುಂತೈತಿ. ನಾ ಕೆಳಗ ಕುಂತೀನಿ. ತಿನ್ನಾಕ ಬ್ರೆಡ್.

ಈ ಡೈರಿ ಚನ್ನವೀರನ ಔಷಧಿ ಕಂಪನೀದು. ಪುಟಕ್ಕೊಂದು ಗುಳಿಗಿ ಚಿತ್ರ. ಇವತ್ತಿಂದು ಪಿತ್ತದ ಗುಳಿಗಿ. ಬರೋಬ್ಬರಿ ಐತಿ.

೧೧-೬, ಶುಕ್ರವಾರ

ಒಬ್ಬಾಂವ ಬಂದಿದ್ದ. ನೀಲಕಂಠಪ್ಪ. ಹಣಿ ತುಂಬ ವಿಭೂತಿ. ಹಿಂದಿನ ಓಣ್ಯಾಗ ಖಾನಾವಳಿ ಇಟ್ಟಾನಂತ. ಕಾಲಿಗೆ ಬಿದ್ದ.

"ದಿನಾ ಈ ಹಾದೀಲೆ ಹೋಗ್ತಿದ್ದೆರಿ ಅವ್ವಾರ. ಸಪ್ಪಳ ಕೇಳತಿತ್ತು. ಮೂರು ದಿನ ಆತು, ನಿಂತೈತಿ. ಯಾರ ಕೈ, ಏನಾತೋ ಅಂತ ಹುಡುಕ್ಕೊಂತ ಬಂದೆ."

ಎಂಟು ತಿಂಗಳಾತು ಊರು ಬಿಟ್ಟು ಬೆಂಗಳೂರಿನ ಈ ಬಿ.ಟಿ.ಎಂ.ಗೆ ಬಂದು. ನನ್ನ ಸಪ್ಪಳ ನಿಂತದ್ದಕ್ಕ ಹುಡುಕ್ಕೊಂಡು ಬಂದ ಮೊದಲ ಮನಿಷ್ಯಾ. ಚಾ ಕೊಟ್ಟೆ.

ರೊಟ್ಟಿ ಬಡಿಯಾಕ ಬರ್ರಿ ಅಂದ. ಎಷ್ಟೊತ್ತಿಗೆ ಬರಬೇಕು, ಎಷ್ಟೊತ್ತಿಗೆ ಹೋಗಬೇಕು ಅಂತ ಕೇಳಿದೆ. ನಕ್ಕ.

"ಕೆಲಸ ಅಂತ ತಿಳೀಬ್ಯಾಡ್ರಿ. ತವರಮನಿ ಅಂತ ತಿಳೀರಿ. ತವರಮನಿಯಾಗ ಗಡಿಯಾರ ನೋಡ್ತಾರೇನು?"

ಪಗಾರದ ಮಾತಿಗೂ ಹಂಗ ನಕ್ಕ. ಅಮಾಸಿ ಮುಗದ ಮ್ಯಾಲೆ ಸೋಮವಾರ ಚಲೋ ದಿನ ಅಂತ. ಹೋಗೂ ಮುಂದ ಚಪ್ಪಲಿ ಮೆಟ್ಟಿಕೊಂತ ಒಂದು ಮಾತು — "ನಿಮ್ಮ ಹಂಚು ನೀವ ತರ್ರಿ. ಅಲ್ಲೇ ಇಟ್ಟುಬಿಡ್ರಿ. ದಿನಾ ಯಾಕ ಹೊರೂದು?"

ಎಷ್ಟು ಕಾಳಜಿ ಅಂದುಕೊಂಡೆ.

ಚನ್ನವೀರ ಬಂದ, ಕೇಳಿದ, ಕುಣದ. "ನಾ ನಿನ್ನ ಉಪಾಸ ಕೆಡವೀನೇನು? ಮಂದಿ ಏನಂತಾರ?"

"ಮಂದಿ ಅಂದ್ರ ಯಾರೋ? ಚೂಡಾಮಣಿಯೇನು? ಆಕಿಗೆ ಸಪ್ಪಳ ಬರಬಾರದು ಅಷ್ಟ. ನಾ ಇದ್ರೇನು, ಸತ್ರೇನು."

ಮೊಮ್ಮಗಳು ಪ್ರಕೃತಿ — "ಅಜ್ಜಿ, ನಿಂಗೆ ಜಾಬ್ ಸಿಕ್ತಾ? ಇಂಟರ್ವ್ಯೂ ಮಾಡಿದ್ರಾ?" ಈ ಮನಿಯಾಗ ನೆಟ್ಟಗ ಪ್ರಶ್ನೆ ಕೇಳೂದು ಅದೊಂದ ಕೂಸು.

೧೪-೬, ಸೋಮವಾರ

ನಾನ ಇಂಟರ್ವ್ಯೂ ಮಾಡಿ ಬಂದೆ. ಖಾನಾವಳಿ ನೋಡಾಕ ಹೋಗಿದ್ದೆ.

ಮುಂದ ಟೇಬಲ್ಲು, ಫ್ಯಾನು, ಬಸವಣ್ಣನ ಫೋಟೋ. ಹಿಂದ ಅಡಗಿ ಕೋಣಿ. ಕಿಡಕಿ ಇಲ್ಲ. ಒಲಿ ಮುಂದ ಕುಂಡ್ರಾಕ ಒಂದು ಎಣ್ಣಿ ಡಬ್ಬಿ. ಗ್ವಾಡಿಗೆ ಮೊಳಿ, ಮೊಳಿಗೆ ಒಂದು ಹಂಚು. ಜಂಗು ಹಿಡದು ಕೆಂಪಗಾಗಿತ್ತು. ಅಂಚಿನಾಗ ಕಂಬಾರ ಉಳೀಲೆ ಹೊಡದ ಹೆಸರು. ಕೂಡಿಸಿ ಓದಿದೆ. ಶ-ರ-ಣ-ಮ್ಮ.

ಯಾರು ಇಕಿ ಅಂದೆ.

"ಮೊದಲಿನಾಕಿ. ಮಗಳ ಬಾಣಂತನಕ್ಕ ಊರಿಗೆ ಹೋದಳ್ರಿ" ಅಂದ ನೀಲಕಂಠಪ್ಪ.

ಆಂವ ಗಲ್ಲಾಕ್ಕ ಹೋದ ಮ್ಯಾಲೆ ಬಡಸೂ ಗಂಗಯ್ಯನ್ನ ಕೇಳಿದೆ. ಆಂವ ಬೆಂಗಳೂರಿನಾಂವ. "ಅವರಾ? ಕಣ್ಣು ಕಾಣ್ತಿರ್ಲಿಲ್ಲ ಅಮ್ಮ. ಬಿಟ್ಟೋದ್ರು."

ಬಾಣಂತನಕ್ಕ ಹೋದಾಕಿ ಕಣ್ಣು ಕಳಕೊಂಡಳೇನು? ಇಬ್ಬರೂ ಕೂಡಿ ಒಂದ ಸುಳ್ಳು ಹೇಳಬಾರದ? ಅಷ್ಟರ ಶಿಸ್ತು ಬ್ಯಾಡೇನು?

ರೊಟ್ಟಿ ಬಡಿಯಾಕಿ ಗಂಡನ್ನ ಬಿಟ್ಟು ಹೋದಾಳು. ಹಂಚು ಬಿಟ್ಟು ಹೋಗ್ತಾಳೇನು?

ಆದ್ರ... ಹೊರಗ ನಮ್ಮ ಕಡೇ ಹುಡುಗರು ಇಪ್ಪತ್ತು ಮಂದಿ ಕುಂತಿದ್ದರು. ಒಬ್ಬ ಗಂಗಯ್ಯಗ ಅಂದ, "ಇವತ್ತೂ ರೊಟ್ಟಿ ಇಲ್ಲೇನೋ ಮಾರಾಯ?" ಅಂದು ಅನ್ನ ಕಲಸಾಕತ್ತಿದ.

ನನ್ನ ಅಂಗೈ ಕಡೀತು.

೧೫-೬

ಬರೂದಿಲ್ಲ ಅನ್ನಬೇಕು. ಅನ್ನಾಕ ಬಾಯಿ ಬರವಲ್ದು. ನನ್ನ ಮ್ಯಾಲೆ ನನಗ ಸಿಟ್ಟು. ಒಂದು ಸಿಹಿ ಮಾತಿಗೆ ನಾಯಿ ಬಾಲ ಅಳ್ಳಾಡಿಸಿದಂಗ.

ಮುಂಜಾನೆ ಬ್ರೆಡ್.

೧೮-೬, ಶುಕ್ರವಾರ

ಶರಣಮ್ಮ ಸಿಕ್ಕಳು.

ಹಿಟ್ಟಿನ ಗಿರಣಿಯಾಂವನ್ನ ಕೇಳಿದೆ. ಈ ಭಾಗದಾಗ ಜೋಳ ಬೀಸಿಸೋರು ಎಷ್ಟು ಮಂದಿ? ರಾಗಿ ಮಂದೀನ ಎಲ್ಲಾ. "ತಿಲಕ್ ನಗರದಿಂದ ಒಬ್ರು ಬರ್ತಿದ್ರು ಅಜ್ಜಿ. ಈಗ ಮೊಮ್ಮಗನ್ನ ಕಳಿಸ್ತಾರೆ" ಅಂದು ವಿಳಾಸ ಹೇಳಿದ. ಬಾಣಂತನ ಇಲ್ಲ, ಊರೂ ಇಲ್ಲ. ಎರಡು ಮೈಲಿ ದೂರ ಕುಂತಾಳ.

ಜಯಾ ಮಳಿಗಂತ ಕೊಡಿ ತಗೊಂಡು ಹಿಂದ ಬಂದಳು. ನಾ ಕರದಿದ್ದಿಲ್ಲ. "ಒಬ್ಬರ ಹ್ಯಾಂಗ ಹೋಗ್ತೀರಿ ಅತ್ತಿ, ರೋಡ್ ದಾಟಬೇಕು." ನಾ ಮುಂದ ಮುಂದ ನಡದೆ. ಸೋಪಿನ ಸಿಟ್ಟು ಇನ್ನೂ ಇತ್ತು.

ನೆಲಮಟ್ಟದ ಒಂದು ಖೋಲಿ. ಕಣ್ಣು ಚಲೋ ಅದಾವ ಆಕೀವು — ನನ್ನ ನೋಡಿದಾಕಿನ "ನೀಲಕಂಠಪ್ಪ ಕಾಲಿಗೆ ಬಿದ್ನೇನು?" ಅಂದಳು. ಬಲಗೈ ಮಣಿಕಟ್ಟು ಬಾತು ಬದನಿಕಾಯಿ ಆಗೇತಿ.

"ತವರಮನಿ ಅಂದ್ನ?"

"ಅಂದ."

"ನನಗೂ ಅಂದಿದ್ದ. ಮುಂಜಾನೆ ನೂರು ರೊಟ್ಟಿ, ಸಂಜಿಗೆ ನೂರು. ಕೈ ನೋಯ್ತದ, ಹದಿನೈದು ದಿನ ಬಿಡು ಅಂದೆ. ಹೋಗಿ ಬಾ ಯವ್ವಾ, ಹಂಚು ಇಲ್ಲೇ ಇರಲಿ, ತಿರುಗಿ ಬರಬೇಕಲ್ಲ ಅಂದ. ಕೈ ಆರಲಿಲ್ಲ. ಹಂಚು ಕೇಳಾಕ ಹೋದೆ. ಬಂದು ರೊಟ್ಟಿ ಬಡಿ, ಹಂಚು ನಿಂದ ಅಂದ. ಮೂರು ಸಲ ಹೋದೆ ಯಕ್ಕಾ. ಮೂರು ಸಲಾನೂ ಚಾ ಕುಡಿಸಿ ಕಳಿಸಿದ."

ಹೋಗಬ್ಯಾಡ ಅಂತೀಯೇನು ಅಂದೆ.

"ನಾ ಯಾಕ ಅನ್ನಲಿ? ತಿನ್ನೋ ಹುಡುಗರು ಚಲೋ ಅದಾರ. ಹೋಗು. ನಿನ್ನ ಹಂಚು ಒಯ್ಯಬ್ಯಾಡ, ಅಷ್ಟ."

ತಿರುಗಿ ಬಂದು ಮನಿ ಗೇಟಿನ ಹತ್ರ ಜಯಾ ನಿಂತು ಅಂದಳು — "ಅತ್ತಿ, ಹಂಚಿಗೆ ಸೋಪ್ ಹಚ್ಚಬಾರದು ಅಂತ ನನಗ ಗೊತ್ತಿದ್ದಿಲ್ರಿ."

ಈಗ ಹೇಳ್ತಾಳ!

೨೦-೬, ರವಿವಾರ

ನೀಲಕಂಠಪ್ಪ ನೆನಪು ಮಾಡಾಕ ಬಂದಿದ್ದ. ಬಾಳಿಹಣ್ಣು ತಂದಿದ್ದ. ನಾಳೆ ಬರ್ತೀನಿ ಅಂದೆ.

ಚನ್ನವೀರ ಉಣ್ಣೂ ತಾಟು ಸರಿಸಿ ಎದ್ದು ಹೋದ. ಎದ್ದು ಹೋಗೂದು ಚಲೋ ಕಲತಾನ. ಚೂಡಾಮಣಿ ಮುಂದ ಒಂದು ಸಲ ಎದ್ದು ನಿಂತಿದ್ರ ನಾ ಈ ಬಾಳಿಹಣ್ಣು ಕಣ್ಣಿಲೆ ನೋಡ್ತಿದ್ದಿಲ್ಲ.

೨೧-೬, ಸೋಮವಾರ. ಸಂಜಿ ಐದು

ಬರಿಗೈಲೆ ಹೋದೆ.

"ಹಂಚು ಎಲ್ರಿ ಅವ್ವಾರ?"

"ಸೊಸಿ ಸೋಪ್ ಹಚ್ಚಿ ಕೆಡಿಸ್ಯಾಳ. ಮೊಳೀಗೆ ಐತೆಲ್ಲಾ, ಅದನ್ನ ಕೊಡು."

ಒಂದು ಗಳಿಗಿ ನನ್ನ ಮಾರಿ ನೋಡಿದ. ಕೊಟ್ಟ. ಬೂದಿ ಹಚ್ಚಿ ಜಂಗು ತಿಕ್ಕಿದೆ. ಒಲಿ ಮ್ಯಾಲೆ ಇಟ್ಟೆ. ಬಡಿಯಾಕ ಕುಂತೆ.

ಖರೇ ಬರೀತೀನಿ. ಇದನ್ನ ಯಾರೂ ಓದೂದಿಲ್ಲ. ಎಂಟು ತಿಂಗಳಾಗ ಇಷ್ಟು ಸುಖ ಆಗಿದ್ದಿಲ್ಲ. ತಪ್ ತಪ್ ತಪ್. ಯಾವ ಸೀಲಿಂಗೂ ಅದರಲಿಲ್ಲ. ಚಲೋ ಹಂಚು ಶರಣಮ್ಮಂದು, ಮೂರನೇದಕ್ಕ ರೊಟ್ಟಿ ಉಬ್ಬಿ ಚೆಂಡಾತು. ಒಬ್ಬ ಹುಡುಗ ಉಣ್ಣೂದು ಬಿಟ್ಟು ಅಡಗಿ ಕೋಣಿ ಬಾಗಿಲಿಗೆ ಬಂದ. ಎಂಜಲಗೈ. "ಯಾರ ಕೈರಿ ಇದು? ಯವ್ವಾ, ಇನ್ನೊಂದು ಹಾಕ್ರಿ."

ಇದ್ದುಬಿಡಲೇನು ಅನಿಸ್ತು. ಬಾಳ ಅನಿಸ್ತು.

ಮಧ್ಯಾಹ್ನ ಎರಡಕ್ಕ ಏಳಾಕ ಹೋದೆ. ನೀಲಕಂಠಪ್ಪ ಇನ್ನೊಂದು ಪುಟ್ಟಿ ಹಿಟ್ಟು ತಂದು ಮುಂದಿಟ್ಟ. "ಸಂಜೀಕಿನ ನೂರೂ ಈಗ ಮುಗಿಸಿಬಿಡ್ರಿ."

"ನನ್ನ ವಯಸ್ಸು ಅರವತ್ತೇಳು. ಕೈ ಸೋತೈತಿ."

ಅದ ನಗಿ. "ತವರಮನಿಯಾಗ ಕೈ ಸೋತಿತು ಅಂತಾರೇನ್ರಿ?"

ಎದ್ದು ನಿಂತೆ. ಸೆರಗಿನ ಎರಡೂ ತುದಿ ಹಿಡದು ಆಂವನ ಮುಂದ ಒಡ್ಡಿದೆ.

"ಬರೋಬ್ಬರಿ ನೀಲಕಂಠಪ್ಪ. ತವರಮನಿಯಿಂದ ಹೆಣ್ಣಮಗಳು ಬರಿಗೈಲೆ ಹೋಗೂದಿಲ್ಲ. ಉಡಿ ತುಂಬು."

ಗಲಿಬಿಲಿ ಆದ. "ಅಲ್ರೀ... ನಿಮಗ... ಯಜಮಾನ್ರು ಇಲ್ಲಲ್ರೀ..."

"ಹೌದು. ಗಂಡ ಸತ್ತಾಕಿ. ಅಕ್ಕಿ, ಕಾಯಿ, ಕುಬಸ ನನಗ ನಡಿಯೂದಿಲ್ಲ. ಕಬ್ಬಿಣ ನಡೀತೈತಿ."

ಒಲಿ ಮ್ಯಾಗಿನ ಹಂಚು ಇಕ್ಕಳಲೆ ಇಳಿಸಿ ನೀರು ಗೊಜ್ಜಿದೆ. ಛುಂಯ್ ಅಂತು. ಗೋಣಿತಟ್ಟಿನಾಗ ಸುತ್ತಿ ಉಡಿಯಾಗ ಹಾಕ್ಕೊಂಡೆ. ಉಣ್ಣೋ ಹುಡುಗರ ನಡುವ ಹಾದು ಹೊಂಟೆ. ಹಿಂದಿಂದ "ಅವ್ವಾರ, ಅದು ನಿಮ್ಮದಲ್ರೀ!" ಅಂದ.

"ನಿಂದೇನು? ಹೆಸರು ಓದಿ ಹೇಳು, ಇಲ್ಲೇ ಇಟ್ಟು ಹೋಗ್ತೀನಿ."

ಇಪ್ಪತ್ತು ಮಂದಿ ಕೈ ಬಾಯಾಗ ಇಟ್ಟಂಗ ಕುಂತಿದ್ದರು. ಆಂವ ಓದಲಿಲ್ಲ.

ಹೊಟ್ಟಿ ಹತ್ರ ಇನ್ನೂ ಬಿಸಿ ಇತ್ತು. ಆಟೋದಾಗ ಎಲ್ಲಾ. ತಿಲಕ್ ನಗರ ಬರೂತನಕ.

ಶರಣಮ್ಮ ಹಂಚು ಹಿಡದು ನೋಡಿದಳು. ತಿರುವಿ ನೋಡಿದಳು. "ಬೂದೀಲೆ ತಿಕ್ಕೀಯೇನು? ಉಪ್ಪಿಲೆ ತಿಕ್ಕಬೇಕು. ನಿಮ್ಮೂರಾಗ ಏನೂ ಕಲಿಸಿಲ್ಲ ನಿನಗ." ಬಯ್ಯಾಕತ್ತಳು. ಬಯ್ಕೊಂತ ಕಣ್ಣು ಒರಿಸಿಕೊಂಡಳು. ಆಮ್ಯಾಲೆ —

"ಆ ಹುಡುಗರು ಇಲ್ಲಿತನಕ ನಡಕೊಂಡು ಬರ್ತಾರ, ರೊಟ್ಟಿ ಇದ್ರ. ನಾ ಎಡಗೈಲೆ ಹಿಟ್ಟು ನಾದ್ತೀನಿ. ನೀ ಬಡಿ. ಒಂಬತ್ತಕ್ಕ ಬಾ, ಒಂದಕ್ಕ ಎದ್ದು ಹೋಗು. ಬಂದದ್ದರಾಗ ಅರ್ಧಾ ಅರ್ಧಾ. ಕೆಳಗ ಯಾರೂ ಇಲ್ಲ, ಬರೇ ಭೂಮಿ."

ತವರಮನಿ ಅನ್ನಲಿಲ್ಲ. ಹಂಚು ಬಿಟ್ಟು ಹೋಗು ಅನ್ನಲಿಲ್ಲ.

ನಾಳೆ ಹೇಳ್ತೀನಿ ಅಂದೆ. ಸುಮ್ನ. ಬಿಗುಮಾನಕ್ಕ.

೨೨-೬, ಮಂಗಳವಾರ. ಮುಂಜಾನೆ ಆರೂವರಿ

ಜಯಾ ಸ್ಟೂಲ್ ಹತ್ತಿ ಅಟ್ಟದಿಂದ ನನ್ನ ಹಂಚು ಇಳಿಸಿ ಕೊಟ್ಟಳು. ಉಪ್ಪಿಲೆ ತಿಕ್ಕಿದೆ. ಒಂಬತ್ತರೊಳಗ ಹದಕ್ಕ ತರಬೇಕು. ಮೊದಲ ರೊಟ್ಟಿ ಅಂಟಿತು. ಎರಡನೇದು ಸೋಪ್ ನಾರತೈತಿ — ಚನ್ನವೀರಗ ಇಟ್ಟೀನಿ. ಮೂರನೇದು ಪರವಾಗಿಲ್ಲ. ಪೆನ್ನಿಗೆಲ್ಲಾ ಹಿಟ್ಟು.

ಕೆಳಗ ಬಾಗಿಲು ತೆಗದ ಸಪ್ಪಳ. ಮೆಟ್ಟಿಲ ಮ್ಯಾಲೆ ಚಪ್ಪಲಿ. ಚೂಡಾಮಣಿಯೋ, ನೀಲಕಂಠಪ್ಪನೋ. ಚನ್ನವೀರ ಹಾಸಿಗಿಯಿಂದ ಎದ್ದ. ಬಾಗಿಲ ಹಿಂದಲ್ಲ, ಬಾಗಿಲ ಮುಂದ ಹೋಗಿ ನಿಂತ! ಏನಂತಾನೋ ಕೇಳೂಣು ಅಂದ್ರ ನಾಕನೇ ರೊಟ್ಟಿ ಉಬ್ಬಾಕತ್ತೈತಿ, ಪೆನ್ನು ಇಡ್ತೀನಿ.